ಅಂಚು ಸೀಳದಂಗ

ಶಹಾಬಜಾರದಾಗ ಬಾಡಿಗಿ ಕೋಣಿ,
ಕೆಳಗ ಪರಸಿ, ಮ್ಯಾಲ ಪತ್ರಾ.
ಮೇ ತಿಂಗಳು. ರಾತ್ರಿ ಒಂಬತ್ತಾದ್ರೂ
ಗ್ವಾಡಿ ಇನ್ನಾ ಬಿಸಿ ಉಗುಳ್ತದ,
ಶ್ರುತಿ ಮಾಡಿಟ್ಟ ತಂತಿ ತಾಸಿನಾಗ ಇಳೀತಾವ.
ದವಾಖಾನಿಯ ಎಕ್ಸ್‌ರೇ ಕೋಣಿಯಿಂದ ಬಂದು, ಅಂಗಿ ಕಳದು,
ದಿನವಿಡೀ ಮಂದಿ ಎಲುಬು ನೋಡಿದ ಕಣ್ಣಲೆ
ನನ್ನ ಎಡಗೈ ನೋಡ್ತೀನಿ.
ನಾಕು ಬೆರಳು, ನಾಕು ಮನಿ, ಆರು ತಂತಿ.
ಇಷ್ಟ. ಹಾಡಿಲ್ಲ, ಏನಿಲ್ಲ.
ಜ್ಯಾಡ ನಡದಂಗ ಇಳೀಬೇಕು, ಹತ್ತಬೇಕು.

ಗಿಟಾರ ಮಾರಿದ ದೇವಪುತ್ರ ಮಾಸ್ತರ ಹೇಳಿದ್ದರು,
"ಅರವತ್ತಕ್ಕ ಸುರು ಮಾಡ್ರಿ.
ಒಂದು ಸ್ವರನೂ ಗೊಗ್ಗರಾಗದಂಗ ಹತ್ತು ಸಲ.
ಆಮ್ಯಾಲ ಅರವತ್ನಾಕು."
ನಲವತ್ತೊಂದಕ್ಕ ಕಲಿಯಾಕ ಕುಂತಾಂವಗ
ಈ ನಾಕು ನಾಕರ ಚಿಲ್ಲರೆ ಲೆಕ್ಕ ಹ್ಯಾಂಗ ತಾಳಬೇಕು?
ಸೀದಾ ನೂರಾ ಇಪ್ಪತ್ತಕ್ಕ ಜಿಗದೆ.
ಓಡಲತ್ತದ, ಓಡಲತ್ತದ ಅಂತು ಕಿವಿ.
ಫೋನಿನಾಗ ತುಂಬಿಕೊಂಡು ಕೇಳಿದೆ:
ಗಿರಣ್ಯಾಗ ತೊಗರಿ ಒಡದಂಗ ಸದ್ದು.
ಇದರಾಗ ಬ್ಯಾಳಿ ಎಷ್ಟು, ನುಚ್ಚು ಎಷ್ಟು, ಹೊಟ್ಟು ಎಷ್ಟು,
ಯಾರು ಜರಡಿ ಹಿಡೀಬೇಕು?

ಒಂದಿನ ಕರೆಂಟ್ ಹೋತು. ಫೋನೂ ಸತ್ತಿತ್ತು,
ಅದರಾಗಿನ ಟಿಕ್ ಟಿಕ್ಕೂ.
ಆ ಕತ್ತಲಾಗ ಗ್ವಾಡಿ ಆಚಿಂದ ಬಂತು
ಎರಡು ವರ್ಷದಿಂದ ಕಿವಿಗೆ ಬಿದ್ದು, ನಾ ಕೇಳದ ಸದ್ದು.
ಜಗದೇವಿ ರೊಟ್ಟಿ ಬಡೀತಿದ್ದಳು,
ಖಾನಾವಳಿಗೆ ದಿನಾ ಇನ್ನೂರು.
ತಪ್ ತಪ್ ತಪ್, ತಿರುಗು.
ತಪ್ ತಪ್ ತಪ್, ತಿರುಗು.
ಅಕಿಯ ಎರಡು ಬಡತಕ್ಕ
ನನ್ನದೊಂದು ಬೆರಳು ಇಟ್ಟು ನೋಡಿದೆ.

ಮುಂಜಾನೆ ನಳದ ಸಾಲಿನಾಗ ಕೇಳಿದೆ,
"ಇಷ್ಟು ಲಗೂ ಹ್ಯಾಂಗ ಬಡೀತಿ ಅಕ್ಕಾ?"
"ಲಗೂ ಎಲ್ಲದ?" ಅಂದಳು ಕೊಡ ಸರಸಿಗೋತ.
"ಕೈ ಮ್ಯಾಲ ಎತ್ತಂಗಿಲ್ಲ, ಅಷ್ಟ.
ಎತ್ತಿದಷ್ಟು ಇಳಸಬೇಕಲ್ಲ.
ಅವಸರ ಮಾಡಿದ್ರ ಅಂಚು ಸೀಳ್ತದ."

ಅವತ್ತ ರಾತ್ರಿ ಸಿಕ್ಕಿತು ಮುರಿದ ಜಾಗ:
ಕಿರುಬೆರಳು.
ತನ್ನ ಪಾಳಿ ಮುಗದ ಕೂಡಲೆ
ಮಾರು ದೂರ ಹೋಗಿ ನಿಂತಿರ್ತದ
ಸಿಟ್ಟಾದ ಬೀಗನಂಗ.
ಕರದಾಗ ತಿರುಗಿ ಬರೂದ್ರಾಗ
ತಾಳ ದಾಟಿ ಹೋಗಿರ್ತದ.
ಇಲ್ಲೇ ಕೂಡು ಅಂದೆ, ತಂತಿ ಮ್ಯಾಲ,
ಜ್ವಾಳದ ಕಾಳಷ್ಟು ಎತ್ತರ.
ಕೂಡಲಿಲ್ಲ.
ಎಂಟು ದಿನ ಕೂಡಲಿಲ್ಲ.
ಒಂಬತ್ತನೇ ದಿನ ಎರಡು ಸಲ ಕೂತು
ಮತ್ತ ಎದ್ದು ಹೋತು.

ಬೆರಳ ತುದಿ ಕೆಂಪಾಗಿ, ಸುಲದು,
ಈಗ ಒಣ ಬಟಾಣಿಯಂಗ ಆಗ್ಯಾವ.
ರೋಗಿಯ ಭುಜ ಹಿಡದು ಸರಿ ನಿಂದ್ರಸುವಾಗ
ಅವರ ಮೈ ಸುಡ್ತದೋ ಇಲ್ಲೋ
ಬಲಗೈಯನ್ನ ಕೇಳಬೇಕು.

ನಿನ್ನೆ ಅರವತ್ತೆಂಟಕ್ಕ ಹೊಂಟಿದ್ದೆ.
ಮೂರನೇ ತಂತಿ ಗೊರ್ ಅಂತು, ನಿಲ್ಲಿಸಿದೆ.
ಆಚಿ ಕಡೆ ತಪ್ ತಪ್ಪೂ ನಿಂತಿತು.
"ಯಾಕ ನಿಲ್ಲಿಸ್ದೆ ತಮ್ಮಾ?" ಒದರಿದಳು ಜಗದೇವಿ,
"ನಿನ್ನ ಟಣ್ ಟಣ್ ಮ್ಯಾಲ ಎಣಸಲತ್ತಿದ್ದೆ,
ನೂರಾ ಹದಿನಾರೋ, ಹದಿನೇಳೋ,
ಲೆಕ್ಕ ತಪ್ಪಿಸಿದಿ ನೋಡು."
ಜರಾ ಹೊತ್ತಿಗೆ ಗ್ವಾಡಿ ಮ್ಯಾಲಿಂದ ಒಂದು ರೊಟ್ಟಿ ಬಂತು,
ಅಂಚು ಸೀಳಿದ್ದು.
"ಇದು ನಿಂದು," ಅಂದಳು.

ಶೇಂಗಾ ಹಿಂಡಿ ಹಚ್ಚಿಕೊಂಡು
ತಣ್ಣನ ಪರಸಿ ಮ್ಯಾಲ ಕುಂತು ತಿಂದೆ.
ಸೀಳಿದ ಕಡೆ ಕರಕಾಗಿ ಕಟುಂ ಅಂತಿತ್ತು.
ಕೈ ತೊಳದೆ, ಒರಸಿದೆ,
ಇಳದ ತಂತಿ ಏರಿಸಿ
ಅರವತ್ತಕ್ಕ ಇಳದೆ.