ನಾಲ್ಕು ಮತ್ತು ಐದರ ನಡುವೆ

ತ್ಬಿಲಿಸಿಯ ಗುಡ್ಡದ ಮೇಲೆ ಒಂಬತ್ತು ಅಂತಸ್ತಿನ ಹಳೆಯ ಕಟ್ಟಡ.
ಇಲ್ಲಿನ ಲಿಫ್ಟು ಪುಕ್ಕಟೆ ಏರುವುದಿಲ್ಲ.
ಇಪ್ಪತ್ತು ತೆತ್ರಿಯ ನಾಣ್ಯ ನುಂಗಿದ ಮೇಲೆಯೇ ಗೊರಗೊರ.
ನಾನು ಗುರಾಮ್, ಇದರ ರಿಪೇರಿಯವನು,
ನನಗೂ ರಿಯಾಯಿತಿ ಇಲ್ಲ.

ಮೊನ್ನೆ ಸಂಜೆ ನಾಲ್ಕು ಮತ್ತು ಐದರ ನಡುವೆ
ಕರೆಂಟು ಹೋಯಿತು.
ಒಳಗೆ ನಾನು, ನನ್ನ ಸ್ಪ್ಯಾನರುಗಳ ಪೆಟ್ಟಿಗೆ,
ಎಂಟನೆಯ ಅಂತಸ್ತಿನ ತ್ಸಿಸಾನಾಳ ಮೊಮ್ಮಗ ವಾಖೋ,
ಅವನ ಕಂಕುಳಲ್ಲಿ ಆಗಷ್ಟೇ ಒಲೆಯ ಗೋಡೆ ಬಿಟ್ಟ
ದೋಣಿಯಂಥ ಉದ್ದನೆಯ ರೊಟ್ಟಿ.

ಹುಡುಗ ಹೆದರಲಿಲ್ಲ. ನೆಲಕ್ಕೆ ಕೂತು ನೋಟುಬುಕ್ಕು ತೆರೆದ.
‘ಶಕ್ತಿ ರೂಪ ಬದಲಿಸುವುದಕ್ಕೆ ಐದು ಉದಾಹರಣೆ ಕೊಡಿ.’
ಎರಡು ಬರೆದಾಗಿತ್ತು: ಬಲ್ಬು, ಇಸ್ತ್ರಿಪೆಟ್ಟಿಗೆ.
ಎರಡೂ ಈಗ ಸುಳ್ಳಾಗಿದ್ದವು.

ನನ್ನ ಮೊಬೈಲಿನ ಬೆಳಕು ಹಿಡಿದು ಹೇಳಿದೆ:
ಮಗೂ, ಈ ತಗಡಿನ ಆಚೆ ಒಂದು ಕಬ್ಬಿಣದ ಭಾರ ಜೋತುಬಿದ್ದಿದೆ.
ನಾವು ಏರಿದರೆ ಅದು ಇಳಿಯುತ್ತದೆ,
ನಾವು ಇಳಿದರೆ ಅದು ಏರುತ್ತದೆ.
ನಿನ್ನಜ್ಜಿ ಒಬ್ಬಳೇ ಮೇಲೆ ಹೋಗುವಾಗ
ಮೋಟರಿಗಿಂತ ಹೆಚ್ಚು ದುಡಿಯುವುದು ಅದರ ಬೀಳುವಿಕೆ.
ಇವತ್ತು ನಾನು, ನೀನು, ಪೆಟ್ಟಿಗೆ, ರೊಟ್ಟಿ ಸೇರಿ
ಅದಕ್ಕೆ ಸರಿಸಮ ತೂಗಿಬಿಟ್ಟಿದ್ದೇವೆ.
ಬ್ರೇಕು ಬಿಚ್ಚಿದರೂ ಅತ್ತ ಇಲ್ಲ, ಇತ್ತ ಇಲ್ಲ.

‘ಇದನ್ನು ಉದಾಹರಣೆ ಅಂತ ಬರೆಯಲಾ?’
ಬೇಡ, ಇಲ್ಲಿ ಏನೂ ಬದಲಾಗಲಿಲ್ಲ, ಅಂದೆ.

ಅಷ್ಟರಲ್ಲಿ ಮೇಲಿನಿಂದ
‘ವಾಖೋ! ಎಲ್ಲಿ ಸತ್ತೆ?’
ಅಜ್ಜಿಯ ಸಿಟ್ಟು ಮೂರೂವರೆ ಅಂತಸ್ತು ಇಳಿದು
ನಮ್ಮ ತಗಡನ್ನು ನಡುಗಿಸಿತು.
ಅದಕ್ಕೆ ನಾಣ್ಯ ಬೇಕಿರಲಿಲ್ಲ.
ಹುಡುಗ ಪೆನ್ಸಿಲಿನ ತುದಿ ನೆಕ್ಕಿ ಬರೆದ:
ಮೂರು. ಸಿಟ್ಟು ಶಬ್ದವಾಗುವುದು.

ಕತ್ತಲಲ್ಲಿ ಕೂತರೆ ನನಗೆ ಬೇರೆ ಕತ್ತಲು ನೆನಪಾಗುತ್ತದೆ.
ಊರಿಗೆ ಊರೇ ಆರಿಹೋಗಿದ್ದ ಚಳಿಗಾಲಗಳು,
ನಲ್ಲಿಯಲ್ಲಿ ಹೆಪ್ಪುಗಟ್ಟಿದ ನೀರು,
ಬಾಲ್ಕನಿಯಿಂದ ತೂರಿಸಿದ ಒಲೆಯ ಹೊಗೆಕೊಳವೆ.
ಕುರ್ಚಿಗಳು ಮುಗಿದ ರಾತ್ರಿ ಅಪ್ಪ
ನನ್ನನ್ನು ತೂಗಿದ್ದ ವಾಲ್ನಟ್ ಮರದ ತೊಟ್ಟಿಲನ್ನು
ಮಾತಿಲ್ಲದೆ ಒಡೆದ.
ತಂಗಿಯ ಹಾಲು ಉಗುರು ಬೆಚ್ಚಗಾಯಿತು, ಅಷ್ಟೇ.
ಅಮ್ಮ ಕೆಂಡವನ್ನೇ ನೋಡುತ್ತಿದ್ದಳು,
ಒಳಗೆ ಯಾರೋ ಮಲಗಿದ್ದಾರೆ ಎಂಬಂತೆ.

ಅದು ಯಾವ ಶಕ್ತಿ ವಾಖೋ?

‘ರಾಸಾಯನಿಕ,’ ಅಂದ, ತಲೆ ಎತ್ತದೆ.
‘ಆಮೇಲೆ ಉಷ್ಣ.’
ನಾಲ್ಕನೆಯದಕ್ಕೆ ಬರೆದುಕೊಂಡ: ತೊಟ್ಟಿಲು, ಹಾಲು.

ಮೊಬೈಲು ಆರಿತು.
ನನ್ನ ಅಂಗೈಯಲ್ಲಿ ಅದರ ಬಿಸಿ ಸ್ವಲ್ಪ ಹೊತ್ತು ಉಳಿದಿತ್ತು.
ರೊಟ್ಟಿಯ ವಾಸನೆ ಮಾತ್ರ
ಕತ್ತಲಾದಷ್ಟೂ ದೊಡ್ಡದಾಗುತ್ತಿತ್ತು.
‘ತುದಿ ಮುರಿಯಲಾ?’ ಹುಡುಗನ ದನಿ.
ಮುರಿದ. ನನಗೂ ಕೊಟ್ಟ.
ಇನ್ನೊಂದು ತುದಿಗೂ ನ್ಯಾಯ ಸಿಗಬೇಕಲ್ಲ, ಅದನ್ನೂ ಮುರಿದೆವು.
ತಿನ್ನುತ್ತ ಅವನು ಫುಟ್ಬಾಲಿನ ಕತೆ ಹೇಳಿದ,
ಹೇಳುತ್ತ ಕಾಲು ಬೀಸಿದ, ಲಿಫ್ಟು ಅಲುಗಿತು,
ನಾನು ಗದರಿದೆ, ಇಬ್ಬರೂ ನಕ್ಕೆವು.
ಪಡುವಣ ಬೆಟ್ಟಗಳ ಹಿಮ ಕರಗಿ
ಅಣೆಕಟ್ಟಿನ ಸುರಂಗಕ್ಕೆ ಬಿದ್ದು
ತಂತಿಯ ಮೇಲೆ ಓಡಿ ನಮ್ಮ ತನಕ ಬರುವ ಹೊತ್ತಿಗೆ
ರೊಟ್ಟಿ ಗೇಣುದ್ದ ಉಳಿದಿತ್ತು.

ಬೆಳಕು ಬಂತು. ಲಿಫ್ಟು ಕೆಮ್ಮಿತು,
ಮೊದಲು ಒಂದು ಅಂಗುಲ ಕೆಳಗೆ, ಆಮೇಲೆ ಮೇಲೆ.
ಎಂಟರಲ್ಲಿ ಬಾಗಿಲು ತೆರೆದಾಗ
ತ್ಸಿಸಾನಾ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು.
ಮೊಮ್ಮಗನನ್ನು ನೋಡಿದಳು, ನನ್ನನ್ನು ನೋಡಿದಳು,
ಕಾಗದದೊಳಗಿನ ಗೇಣನ್ನು ನೋಡಿದಳು.
‘ಉಳಿದ ರೊಟ್ಟಿ ಏನಾಯಿತು?’

ವಾಖೋ ಉತ್ತರಿಸಲಿಲ್ಲ.
ಗೋಡೆಗೆ ನೋಟುಬುಕ್ಕು ಒತ್ತಿ,
ಐದು ಎಂದು ಬರೆದು,
ಮುಂದಿನದನ್ನು ನನಗೆ ಕಾಣದಂತೆ
ಮೊಣಕೈಯಿಂದ ಮರೆ ಮಾಡಿದ.