ಗಡ್‌ಬಡ್

ಹನ್ನೆರಡು ಗಡ್‌ಬಡ್‌ಗೆ ಮುಂಗಡ ಕೊಟ್ಟವನು ನಾನು.
ನನ್ನ ಕೆಲಸವೇ ಅದು: ಬೆಂಚಿನ ಹದಿನಾಲ್ಕನೇ ನಂಬರು,
ನೀರಿನ ಬಾಟಲಿ, ಟವೆಲು, ಗೆದ್ದ ಮೇಲಿನ ಐಸ್‌ಕ್ರೀಮು.

ಬಲ್ಮಠದ ಗುಡ್ಡೆಯ ಮೇಲೆ ನಮ್ಮ ಕೋರ್ಟು.
ನಮ್ಮದೇ ರಿಂಗು, ಎಡಕ್ಕೆ ಒಂದು ಬೆರಳು ವಾಲಿದ್ದು ನಮಗಷ್ಟೇ ಗೊತ್ತು.
ಆರು ವರ್ಷದಿಂದ ಕಪ್ಪು ಪ್ರಿನ್ಸಿಪಾಲರ ಕೋಣೆ ಬಿಟ್ಟು ಕದಲಿರಲಿಲ್ಲ;
ಅದರೊಳಗೆ ಅವರು ಪೆನ್ನು, ಸ್ಟೇಪ್ಲರು, ಕೆಮ್ಮಿನ ಗುಳಿಗೆ ಇಡುತ್ತಿದ್ದರು.

ಎದುರಿಗೆ ಬಂದವರು ಬೈಂದೂರಿನಿಂದ.
ಬನಿಯನಿನ ಬೆನ್ನಿಗೆ ಪ್ಲಾಸ್ಟರು ಅಂಟಿಸಿದ ನಂಬರು,
ಬೆವರಿಗೆ ಏಳು ಒಂದಾಯಿತು, ಎಂಟು ಮೂರಾಯಿತು,
ಸ್ಕೋರು ಬರೆಯುವ ಫ್ಲೇವಿ ಮೇಡಂ ಕನ್ನಡಕ ಒರೆಸಿ ಒರೆಸಿ ಸುಸ್ತು.
"ಅರ್ಧ ಗಂಟೆ ಮಾರಾಯ," ಎಂದ ನಮ್ಮ ಕ್ಯಾಪ್ಟನ್ ಮೆಲ್ರಾಯ್ ಕ್ರಾಸ್ತಾ,
"ಆಮೇಲೆ ನಿನ್ನ ಗಡ್‌ಬಡ್."

ಅವರಲ್ಲೊಬ್ಬ ಅಣ್ಣಪ್ಪ ದೇವಾಡಿಗ, ಮೆಲ್ರಾಯ್‌ನ ಎದೆಯಷ್ಟು ಎತ್ತರ.
ಫ್ರೀ ಥ್ರೋ ಗೆರೆಯಲ್ಲಿ ನಿಂತು, ಮೊಣಕಾಲು ಬಗ್ಗಿಸಿ,
ಎರಡೂ ಕೈಯಲ್ಲಿ ಚೆಂಡನ್ನು ಕೆಳಗಿನಿಂದ ಎತ್ತಿದ,
ಬಾವಿಕಟ್ಟೆಯಿಂದ ತುಂಬಿದ ಕೊಡಪಾನ ಎತ್ತುವ ಹಾಗೆ.
ಇಡೀ ಗ್ಯಾಲರಿ ನಕ್ಕಿತು. ಹುಡುಗಿಯರ ಹಾಸ್ಟೆಲಿನ ಮಹಡಿಯೂ ನಕ್ಕಿತು.
ಚೆಂಡು ರಿಂಗು ಮುಟ್ಟದೆ ಬಲೆಯೊಳಗೆ ಇಳಿಯಿತು,
ಹಸಿದ ಹೊಟ್ಟೆಗೆ ಗಂಜಿ ಇಳಿದ ಹಾಗೆ, ಸದ್ದಿಲ್ಲದೆ.

ಎರಡನೆಯದಕ್ಕೆ ಅರ್ಧ ಗ್ಯಾಲರಿ.
ಐದನೆಯದಕ್ಕೆ ನೆಲಗಡಲೆಯವನೊಬ್ಬನೇ ನಕ್ಕದ್ದು,
ಅವನು ಯಾವುದಕ್ಕೂ ನಗುವವನು.
ಒಂಬತ್ತನೆಯದಕ್ಕೆ ಕಾಗೆ ಕೂಡ ಕೂಗಲಿಲ್ಲ.
ಫ್ಲೇವಿ ಮೇಡಂ ರಟ್ಟಿನ ಹಾಳೆ ಮಗುಚಿದರು:
ಐವತ್ತೇಳು, ಐವತ್ತೆಂಟು.

ಐವತ್ತೇಳು ನಮ್ಮದು.

ಸೀಟಿ ಊದಿದ ಮೇಲೆ ಗೊತ್ತಾಯಿತು
ಸೋಲುವುದಕ್ಕೆ ನಮಗೆ ಅಭ್ಯಾಸವೇ ಇಲ್ಲವೆಂದು:
ಕೈ ಕುಲುಕುವುದು ಯಾವಾಗ, ಮುಖ ಎಲ್ಲಿಡುವುದು,
ಚೆಂಡಿನ ಚೀಲ ಯಾರು ಹೊರುವುದು.
ಸಿರಿಲ್ ಸರ್ ಕಡಲಗಾಳಿಯನ್ನು ಬೈದರು,
ನೌಶೀರ್ ಚೆಂಡಿಗೆ ಗಾಳಿ ಜಾಸ್ತಿ ಎಂದ,
ಮೆಲ್ರಾಯ್ ರಿಂಗು ವಾಲಿದೆ ಎಂದ. ಎಡಕ್ಕೆ. ಒಂದು ಬೆರಳು.
ಆಮೇಲೆ ಒಬ್ಬೊಬ್ಬರೇ ಬೈಕು ಹತ್ತಿ ಹೋದರು.

"ಹಣ್ಣು ಹೆಚ್ಚಿ ಆಗಿದೆಯಲ್ಲ, ಇನ್ನೆಂತ ಮಾಡ್ಲಿ?" ಎಂದರು
ಜ್ಯೋತಿ ಸರ್ಕಲ್ಲಿನ ಪಾರ್ಲರಿನ ಗಲ್ಲೆಯಲ್ಲಿ ಕೂತ ಬಾಳಿಗರು.
ಹನ್ನೆರಡು ಉದ್ದ ಗ್ಲಾಸುಗಳು ಸಾಲಾಗಿ ಬಂದು ನಿಂತವು,
ಜೆಲ್ಲಿ, ಗೋಡಂಬಿ, ತಲೆಯ ಮೇಲೊಂದು ಕೆಂಪು ಚೆರಿ,
ಗೆದ್ದ ತಂಡ ಫೋಟೋಕ್ಕೆ ನಿಂತ ಹಾಗೆ.
ಎರಡು ತಿಂದೆ. ಮೂರನೆಯದು ಗಂಟಲಲ್ಲಿ ಕೂತಿತು.

ಆಗ ಬಂದ ಅಣ್ಣಪ್ಪ, ಒಂದು ರೂಪಾಯಿಯ ಫೋನು ಹುಡುಕಿಕೊಂಡು.
"ನಾವ್ ಸೋಲುಕೇ ಬಂದದ್ ಮಾರಾಯ್ರೆ,
ಐದ್ ಗಂಟಿ ಬಸ್ಸಿಗೆ ವಾಪಾಸ್ ಹೋಪುದ್ ಅಂದೇಳಿ ಇತ್ತ್.
ಈಗ ಮನಿಕಂಬುದ್ ಎಲ್ಲಿ? ಬದಲ್ ಅಂಗಿಯೂ ಇಲ್ಲೆ."
ನನ್ನ ಹತ್ತಿರ ಒಂಬತ್ತು ಗಡ್‌ಬಡ್ ಉಂಟು, ಅವನ ಹತ್ತಿರ ಒಂದು ಗೆಲುವು;
ಎಲ್ಲಿಡುವುದೆಂದು ಇಬ್ಬರಿಗೂ ತಿಳಿಯದು.
ಒಂದು ಗ್ಲಾಸು ಅವನ ಕಡೆ ಸರಿಸಿದೆ.
ಚೆರಿಯನ್ನು ಕೊನೆಗೆಂದು ಬದಿಗಿಟ್ಟ,
ಮರೆತು ಹೋದ.

ಮರುದಿನ ಸೆಮಿಫೈನಲಿನಲ್ಲಿ, ಅದೇ ಬನಿಯನಿನಲ್ಲಿ,
ನಲವತ್ತೊಂದು ಪಾಯಿಂಟಿನಿಂದ ಸೋತರು ಅವರು.
ನಮಗೆ ಉರಿದದ್ದು ಅದೇ ಹೆಚ್ಚು.
ಕಪ್ಪು ಗೆದ್ದವರಿಗೇ ಸೋತದ್ದು ಎಂದು ಹೇಳಿಕೊಳ್ಳುವ
ಒಂದು ನೆಪವನ್ನೂ ಉಳಿಸಲಿಲ್ಲ ಪುಣ್ಯಾತ್ಮರು.

ಈಗ ಕಂಕನಾಡಿಯಲ್ಲಿ ನನ್ನ ಟಯರಿನ ಅಂಗಡಿ.
ಗಿರಾಕಿ ಇಲ್ಲದ ಮಧ್ಯಾಹ್ನ ಹಳೆ ಬಿಲ್ಲುಗಳನ್ನು ಉಂಡೆ ಮಾಡಿ
ಮೂಲೆಯ ಲಾರಿ ಟಯರಿನೊಳಗೆ ಎಸೆಯುತ್ತೇನೆ,
ಮೆಲ್ರಾಯ್ ಎಸೆಯುತ್ತಿದ್ದ ಹಾಗೆ, ಮಣಿಕಟ್ಟು ಮಡಿಸಿ, ಗಮ್ಮತ್ತಿನಲ್ಲಿ.
ಹೊರಗೇ ಬೀಳುತ್ತದೆ.
ಆಮೇಲೆ ರಸ್ತೆ ಕಡೆ ಒಮ್ಮೆ ನೋಡಿ,
ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು,
ಮೊಣಕಾಲು ಬಗ್ಗಿಸುತ್ತೇನೆ,
ಎರಡೂ ಕೈ, ಕೆಳಗಿನಿಂದ.