ಬೆಳಗಿನ ಜಾವ ಮೂರು, ಮಧ್ಯಾಹ್ನ ಹನ್ನೆರಡು

ವಿನಿಪೆಗ್‌ನಲ್ಲಿ ಈಗ ಬೆಳಗಿನ ಜಾವ ಮೂರು.
ಕಂಪಾಲಾದಲ್ಲಿ ನಿನಗೆ ಮಧ್ಯಾಹ್ನ ಹನ್ನೆರಡು.
ಅದಕ್ಕೇ ಲುವಾಮ್,
ಬೇಕರಿಯ ರಾತ್ರಿಪಾಳಿ ನಾನೇ ಕೇಳಿ ಪಡೆದದ್ದು.
ಗಂಟೆಗೆ ಒಂದೂವರೆ ಡಾಲರ್ ಹೆಚ್ಚಿಗೆ ಸಿಗುವ ಆಸೆಗೆ
ಅಂದುಕೊಂಡಿದ್ದಾನೆ ಓರೆಸ್ಟ್ ಮುದುಕ.
ಅಂದುಕೊಳ್ಳಲಿ.

ಒಲೆ ಕಾಯಲು ನಲವತ್ತು ನಿಮಿಷ.
ನಾನು ಕಾಯಲು ಹಿಡಿದು ಇಪ್ಪತ್ತೇಳು ತಿಂಗಳು.
ಒಲೆಗಾದರೆ ಒಂದು ಮುಳ್ಳಿದೆ,
ಎಷ್ಟು ಕಾದಿದ್ದೇನೆ ಎಂದು ತೋರಿಸಲಿಕ್ಕೆ.

ಅರ್ಜಿಯಲ್ಲಿ ಎಲ್ಲ ಕೇಳಿದ್ದರು.
ಮೊದಲು ಕಂಡದ್ದು ಎಲ್ಲಿ, ಪರಿಚಯಿಸಿದವರು ಯಾರು,
ಮದುವೆಗೆ ಬಂದವರೆಷ್ಟು, ಬಾರದವರು ಯಾಕೆ ಬರಲಿಲ್ಲ.
ನಿನ್ನ ಅಪ್ಪ ಯಾಕೆ ಬರಲಿಲ್ಲ ಎಂಬುದಕ್ಕೆ
ಅವರು ಬಿಟ್ಟ ಜಾಗ ಒಂದೂವರೆ ಗೆರೆ.
ಅಸ್ಮಾರಾ ದಾಟಲು ಅವರಿಗೂ ಒಂದು ಕಾಗದ ಬೇಕಿತ್ತು ಎಂದು
ಇರುವೆ ಸಾಲಿನಂಥ ಅಕ್ಷರದಲ್ಲಿ ಬರೆದೆ.
ಒಟ್ಟಿಗೆ ಕಳೆದ ದಿನಗಳು?
ಹತ್ತೊಂಬತ್ತು.
ಅದರಲ್ಲಿ ಎರಡು ನನ್ನ ಜ್ವರಕ್ಕೆ ಹೋದವು,
ಹಣೆಯ ಮೇಲೆ ಒದ್ದೆಬಟ್ಟೆ ಹಾಕುತ್ತ ತೆಗೆಯುತ್ತ
ನೀನು ರಾತ್ರಿಯಿಡೀ ಕೂತಿದ್ದೆ.
ಅದಕ್ಕೆ ಕಾಲಂ ಇರಲಿಲ್ಲ.

ಸಾಕ್ಷಿಗೆಂದು ನಮ್ಮ ಮಾತುಗಳನ್ನೆಲ್ಲ ಅಚ್ಚು ಹಾಕಿಸಿದೆ,
ಮುನ್ನೂರ ಹನ್ನೊಂದು ಪುಟ.
ಜಗಳಗಳನ್ನು ತೆಗೆದುಬಿಡಲೇ ಎಂದರೆ ನೀನು ನಕ್ಕೆ:
"ಅವನ್ನೇ ಮೇಲಿಡು.
ಸುಳ್ಳು ಗಂಡಹೆಂಡಿರು
ಹದಿನಾಲ್ಕು ಡಾಲರಿನ ಲೆಕ್ಕಕ್ಕೆ
ಮೂರು ದಿನ ಮಾತು ಬಿಡುತ್ತಾರಾ?"

ಪಕ್ಕದ ಮೇಜಿನಲ್ಲಿ ಡಿವಿನ, ಇಲೋಇಲೋ ಕಡೆಯವಳು,
ಬನ್ನುಗಳಿಗೆ ಮೊಟ್ಟೆ ಸವರುತ್ತಾಳೆ.
ಗಂಡನಿಗಾಗಿ ನಾಲ್ಕು ವರ್ಷ ಸವೆಸಿದವಳು.
ಅವಳ ಪಥ್ಯ ಹೀಗೆ:
ಅರ್ಜಿ ಎಲ್ಲಿಗೆ ಬಂತೆಂದು ದಿನಕ್ಕೊಮ್ಮೆ ಮಾತ್ರ ನೋಡು,
ಊಟವಾದ ಮೇಲೆ, ಮಾತ್ರೆಯ ಹಾಗೆ,
ಖಾಲಿ ಹೊಟ್ಟೆಯಲ್ಲಿ ಬೇಡ.
ಕೊನೆಗೂ ಬಂದನಲ್ಲ, ಎಂದೆ.
"ಬಂದ. ಒಂದು ತಿಂಗಳು
ಒಂದೇ ಕೋಣೆಯಲ್ಲಿ ಎದುರುಬದುರು ಕೂತು
ಮಾತೇ ಹೊರಡದು.
ಬಚ್ಚಲಿಗೆ ಹೋಗಿ ಅಲ್ಲಿಂದ ನನಗೆ ಫೋನ್ ಮಾಡುತ್ತಿದ್ದ."

ಹಿಟ್ಟು ಉಬ್ಬುತ್ತಿದೆ.
ಒದ್ದೆಬಟ್ಟೆ ಹೊದಿಸಿ ಬಂದೆ.

ನಿನ್ನ ವೈದ್ಯಕೀಯ ತಪಾಸಣೆಗೆ ವರ್ಷ ತುಂಬಿತಂತೆ,
ಹೋದ ವರ್ಷದ ಶ್ವಾಸಕೋಶ ಈ ವರ್ಷಕ್ಕೆ ನಡೆಯುವುದಿಲ್ಲ.
ಮತ್ತೆ ಸಾಲು, ಮತ್ತೆ ಶುಲ್ಕ, ಮತ್ತೆ ತಣ್ಣನೆಯ ಹಲಗೆಗೆ ಎದೆ:
ಉಸಿರೆಳೆದುಕೊಳ್ಳಿ. ಹಿಡಿದುಕೊಳ್ಳಿ.
ಬಿಡಿ ಎಂದು ಹೇಳಿದರೋ ಇಲ್ಲವೋ,
ಕೇಳಲು ಮರೆತೆ.

ಹಳೆಯ ಫಿಲ್ಮು ನಿನ್ನ ಕೈಗೇ ಕೊಟ್ಟರು.
ಕಿಟಕಿಯ ಬಿಸಿಲಿಗೆ ಹಿಡಿದು ಫೋಟೋ ತೆಗೆದು ಕಳಿಸಿದೆ,
"ನೋಡು, ನನ್ನ ಒಳಮನೆ" ಎಂದು ತಮಾಷೆಗೆ.
ನೋಡಿದೆ.
ಹಿಟ್ಟಿನ ಕೈಯಲ್ಲೇ ಪಕ್ಕೆಲುಬು ಎಣಿಸಿದೆ.
ನನಗಿಂತ ಒಂದು ವರ್ಷ ಮೊದಲೇ
ಯಾರೋ ಮೇಜಿನ ಹಿಂದೆ ಕೂತು ಇದನ್ನು ನೋಡಿದ್ದಾರೆ.
ಹೊಟ್ಟೆಕಿಚ್ಚು ಪಡಲಿಕ್ಕೂ ನಾಚಿಕೆಯಾಯಿತು.
ಆಮೇಲೆ ಕಂಡಿತು, ಫಿಲ್ಮಿನ ಅಂಚಿನಲ್ಲಿ ನಿನ್ನ ಹೆಬ್ಬೆರಳು,
ಉಗುರಿನ ಬದಿಗೆ ಸುಟ್ಟ ಹೊಸ ಕಲೆ.
ಕಾಫಿ ಹುರಿಯುವಾಗಲೇ?
ಯಾವತ್ತು?
ಮುನ್ನೂರ ಹನ್ನೊಂದು ಪುಟದಲ್ಲಿ ಇದಿಲ್ಲ.

ಒಲೆ ಕಾದಿದೆ. ಹೊರಗೆ ಮೈನಸ್ ಮೂವತ್ತೊಂದು,
ಮೊದಲ ಬಸ್ಸಿನ ಗಾಜು ಕೆರೆಯುತ್ತಿದ್ದಾನೆ ಚಾಲಕ.
ಮಾರ್ಚ್ ಬಂದರೆ ಈ ಊರಿನವರು
ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಳ್ಳುತ್ತಾರೆ.
ಒಂಬತ್ತು ಇದ್ದದ್ದು ಎಂಟಾಗುತ್ತದೆ,
ಯಾರ ಸಹಿಯೂ ಇಲ್ಲದೆ, ಯಾವ ಮುದ್ರೆಯೂ ಇಲ್ಲದೆ
ನೀನು ಒಂದು ಗಂಟೆ ಹತ್ತಿರ.
ನವೆಂಬರಿನಲ್ಲಿ ಅದನ್ನೂ ವಾಪಸು ಕೇಳುತ್ತಾರೆ, ಗೊತ್ತು.
ಮಾರ್ಚಿಗೆ ಇನ್ನು ಆರು ವಾರ.
ಕೈ ತೊಳೆದು ಬರುತ್ತೇನೆ,
ಫೋನ್ ಇಡಬೇಡ.